ಹಂಚಿನ ಅಂಗಳದ ಚೇಳು

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಸ್ವಲ್ಪ ಮೊದಲು, ಎಡಕ್ಕೆ ಒಂದು ಗಲ್ಲಿ ಇಳಿಯುತ್ತದೆ. ಆ ಗಲ್ಲಿಯ ಕೊನೆಯ ಜಾಗ ರಸೂಲನದು. ಹಿಂದೆ ಮನೆ, ಮುಂದೆ ಅಂಗಳ. ಅಂಗಳದ ತುಂಬ ಆಳೆತ್ತರಕ್ಕೆ ಪೇರಿಸಿಟ್ಟ ಹಳೆಯ ಹಂಚು, ಅದರಾಚೆ ಗೋಡೆ ಕಟ್ಟುವ ಕೆಂಪು ಚಿರೆಕಲ್ಲು. ಸಿದ್ದಾಪುರದ ಕಡೆಯಾಗಲಿ ಯಲ್ಲಾಪುರದ ಕಡೆಯಾಗಲಿ, ಯಾರಾದರೂ ಹಳೆಯ ಮಾಡು ಬಿಚ್ಚಿ ಸ್ಲ್ಯಾಬು ಹಾಕಿಸುವುದಿದ್ದರೆ ಮೊದಲ ಫೋನು ಅವನಿಗೇ ಬರುತ್ತಿತ್ತು. ಬಿಚ್ಚಿದ ಹಂಚನ್ನು ಅವನು ತನ್ನ ಪಿಕಪ್ಪಿನಲ್ಲಿ ತರುವನು, ಬೇಕಾದವರಿಗೆ ಕೊಡುವನು. ಮೂರು ತಾಲೂಕಿನಲ್ಲಿ ಯಾವ ದನದ ಕೊಟ್ಟಿಗೆಗೆ, ಯಾವ ಶಾಲೆಯ ಜಗಲಿಗೆ ಹಂಚು ಬೇಕಾದರೂ "ರಸೂಲ್ ಸಾಬರ ಹತ್ರ ಕೇಳಿ" ಎನ್ನುವುದು ವಾಡಿಕೆಯಾಗಿ ಹೋಗಿತ್ತು.

ಈ ಮಾತು ರಸೂಲನ ಕಿವಿಗೆ ಬಿದ್ದಾಗಲೆಲ್ಲ ಅವನ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಹಂಚಿನ ಬೆನ್ನಿನ ಮುದ್ರೆ ನೋಡುವ ಮೊದಲೇ ಬೆರಳ ಗೆಣ್ಣಿನಿಂದ ತಟ್ಟಿ ಅದರ ವಯಸ್ಸು ಹೇಳುತ್ತಿದ್ದ. ಕೂದಲೆಳೆಯ ಬಿರುಕಿದ್ದರೂ ಸದ್ದಿನಲ್ಲೇ ತಿಳಿಯುತ್ತಿತ್ತು. ಅಪ್ಪ ಮಾಡುತ್ತಿದ್ದ ಇದೇ ಕಸುಬನ್ನು ಇವನು ಎತ್ತಿನ ಗಾಡಿಯಿಂದ ಪಿಕಪ್ಪಿಗೆ ತಂದಿದ್ದ. ತನ್ನ ಅಂಗಳದಿಂದ ಒಡಕು ಹಂಚು ಯಾರ ಮನೆಗೂ ಹೋಗಿಲ್ಲ ಎನ್ನುವುದು ಅವನ ದೊಡ್ಡ ಹೆಮ್ಮೆ. ಒಡಕನ್ನೆಲ್ಲ ಬೇರೆ ಮಾಡಿ ಪಕ್ಕದ ಮನೆಯ ಗೋಡೆಯುದ್ದಕ್ಕೂ ಸುರಿದುಬಿಡುತ್ತಿದ್ದ.

ಆ ಪಕ್ಕದ ಮನೆ ಗುರುಶಾಂತವ್ವನವರದು. ಅವರ ಗಂಡ ಶಿವಲಿಂಗಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಹಾವೇರಿ ಕಡೆಯ ಈ ಜೋಡಿ ಶಿರಸಿ ಡಿಪೋಗೆ ಬಂದು, ಇಲ್ಲಿನ ತಂಪು ಹಿಡಿಸಿ, ಇಲ್ಲೇ ಉಳಿದಿದ್ದರು. ಗುರುಶಾಂತವ್ವನವರ ಜೋಳದ ರೊಟ್ಟಿ ಗೋಡೆ ದಾಟಿ ಈಚೆ ಬರುವುದೂ, ರಸೂಲನ ಹೆಂಡತಿ ಬದ್ರುನ್ನಿಸಾಳ ಕೋಳಿಯ ಮೊಟ್ಟೆ ಅದನ್ನು ತಾವು ತಿನ್ನದ ಗುರುಶಾಂತವ್ವನವರ ಕೈಯಿಂದ ಅವರ ಬಾಡಿಗೆಯವರಿಗೆ ಹೋಗುವುದೂ ಎಷ್ಟೋ ವರ್ಷಗಳಿಂದ ನಡೆದಿತ್ತು.

ಮೇ ತಿಂಗಳ ಒಂದು ಸಂಜೆ. ಗುರುಶಾಂತವ್ವ ಹಿತ್ತಲಿನಲ್ಲಿ ಹಾಸಿದ್ದ ಸಂಡಿಗೆಯ ಬಟ್ಟೆ ತೆಗೆಯಲು ಹೊರಟರು. ಗಾಳಿಗೆ ಹಾರದಿರಲೆಂದು ಬಟ್ಟೆಯ ಮೂಲೆಗಳಿಗೆ ಹಂಚಿನ ಚೂರು ಇಟ್ಟಿದ್ದರು. ಗೋಡೆಗೆ ತಾಗಿ ರಸೂಲ ಸುರಿದ ರಾಶಿಯಿಂದಲೇ ಕೈಚಾಚಿ ಎತ್ತಿಕೊಂಡ ಚೂರುಗಳು ಅವು. ಮೂರನೆಯ ಮೂಲೆಯ ಚೂರಿನಡಿ ಬೆರಳು ಹಾಕಿದ್ದೇ ತಡ, ಅವರ ಕೂಗು ಗಲ್ಲಿಯ ಆ ತುದಿಗೆ ಕೇಳಿತು.

"ಅಯ್ಯಯ್ಯೋ, ಕಡೀತಲ್ಲೋ ಯಪ್ಪಾ! ಏನೋ ಕಡೀತಲ್ಲೋ!"

ರಸೂಲ ಕೈಯಲ್ಲಿದ್ದ ಹಂಚನ್ನು ಅಲ್ಲೇ ಬಿಟ್ಟು ಓಡಿದ. ಬದ್ರುನ್ನಿಸಾ ಅವನಿಗಿಂತ ಮುಂದೆ ತಲುಪಿದ್ದಳು. ಸಂಡಿಗೆಯ ಬಟ್ಟೆಯ ಮೇಲೆ ಬೆರಳುದ್ದದ, ಕೆಂಪು ಮಿಶ್ರಿತ ಕಂದು ಬಣ್ಣದ ಚೇಳೊಂದು ಬಾಲ ಎತ್ತಿ ನಿಂತಿತ್ತು. ಅವಳು ಅಲ್ಲೇ ಇದ್ದ ಗಾಜಿನ ಲೋಟವನ್ನು ಅದರ ಮೇಲೆ ಕವುಚಿದಳು. ಮಗಳು ನಸ್ರೀನ್ ಆಗಷ್ಟೇ ಕೆಲಸದಿಂದ ಬಂದಿದ್ದಳು, ಬುರ್ಖಾ ಕೂಡ ತೆಗೆದಿರಲಿಲ್ಲ. ಫೋನು ಹೊರತೆಗೆದು ಲೋಟದೊಳಗಿನ ಚೇಳಿನ ಫೋಟೊ ಹೊಡೆದಳು.

ಶಿವಲಿಂಗಪ್ಪ ಮನೆಯೊಳಗಿಂದ ಓಡಿ ಬಂದರು. "ಬಟ್ಟೀ ಬಿಗದ ಕಟ್ರಿ ಕೈಗೆ! ಹೊಗೆಸೊಪ್ಪು ತಿಕ್ರಿ!"

"ಏನೂ ಕಟ್ಟೋದು ಬೇಡ ಅಣ್ಣಾ, ಏನೂ ತಿಕ್ಕೋದೂ ಬೇಡ" ಎಂದಳು ಬದ್ರುನ್ನಿಸಾ. "ಮೊದ್ಲು ಆಸ್ಪತ್ರೆ. ಏನ್ರೀ, ಗಾಡಿ ತೆಗೀರಿ."

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಗುರುಶಾಂತವ್ವನನ್ನು ಒರಗಿಸಿಕೊಂಡು ಬದ್ರುನ್ನಿಸಾ ಕುಳಿತಳು. ಶಿವಲಿಂಗಪ್ಪ, ನಸ್ರೀನ್ ಹಿಂದೆ ಹತ್ತಿದರು. ಐದು ರಸ್ತೆ ಕೂಡುವಲ್ಲಿಗೆ ಬರುವಷ್ಟರಲ್ಲೇ ಗುರುಶಾಂತವ್ವನವರ ರವಿಕೆ ಬೆವರಿನಿಂದ ತೊಯ್ದಿತ್ತು. ಸೆಕೆಯ ಸಂಜೆಯಲ್ಲೂ ಅವರ ಕೈ ಮಂಜಿನಂತೆ ತಣ್ಣಗಾಗಿತ್ತು. ಒಮ್ಮೆ ವಾಂತಿಯೂ ಆಯಿತು. ರಸೂಲ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಸರ್ಕಾರಿ ಆಸ್ಪತ್ರೆಯ ವೈದ್ಯೆ ಫೋಟೊ ನೋಡಿದ್ದೇ ನರ್ಸಿಗೆ ಏನೋ ಹೇಳಿ, ಗುಳಿಗೆ ನುಂಗಿಸಿ, ಎದೆಗೆ ವಯರು ಹಚ್ಚಿಸಿದರು. "ಇದು ಕೆಂಪು ಜಾತಿ. ಮುಂದಿನ ಚಿಮಟ ಸಪೂರ ಇದೆ, ಬಾಲ ದಪ್ಪ ಇದೆ ನೋಡಿ. ಇದರ ವಿಷ ಹೃದಯಕ್ಕೆ ತೊಂದರೆ ಕೊಡ್ತದೆ. ಕೂಡಲೇ ಕರ್ಕೊಂಡು ಬಂದ್ರಿ, ಬಹಳ ಒಳ್ಳೇದಾಯ್ತು" ಎಂದರು. ಬೆಳಗಾಗುವಷ್ಟರಲ್ಲಿ ಗುರುಶಾಂತವ್ವನವರ ಕೈ ಬೆಚ್ಚಗಾಗಿತ್ತು. ಆಸ್ಪತ್ರೆಯ ಇಡ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದನ್ನ ತಿಂದು ಎದ್ದು ಕುಂದ್ರೂದು ಹೆಂಗವ್ವಾ?" ಎಂದು ನರ್ಸನ್ನು ಕೇಳಿದರಂತೆ. ಈ ಸುದ್ದಿ ಕೇಳಿದ ಮೇಲೆ ರಸೂಲ ನೆಮ್ಮದಿಯ ಉಸಿರು ಬಿಟ್ಟ. ಆದರೂ ಇನ್ನೆರಡು ದಿನ ಇಟ್ಟುಕೊಂಡು ನೋಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು.

ಅದೇ ಹೊತ್ತಿಗೆ ಎದುರುಮನೆಯ ಉಲ್ಲಾಸ ಅಂಗಳಕ್ಕೆ ಬಂದ. ಸೊಸೈಟಿಯಲ್ಲಿ ನೌಕರಿ ಅವನಿಗೆ, ಹೆಂಡತಿ ದಿವ್ಯಾ, ಅಂಬೆಗಾಲಿಕ್ಕುವ ಮಗು. ಅಂಗಿಯ ಗುಂಡಿಯನ್ನು ಹಾಕುತ್ತ, ತೆಗೆಯುತ್ತ ಮಾತು ಶುರು ಮಾಡಿದ.

"ರಸೂಲಣ್ಣ, ನಾನು ಜಗಳಕ್ಕೆ ಬಂದವ ಅಲ್ಲ. ಆದ್ರೆ ಎಂತ ಮಾಡೂದು ಮಾರಾಯ್ರೆ? ಮನೆಗಳ ಮಧ್ಯ ಇಷ್ಟು ಹಂಚಿನ ರಾಶಿ ಇದ್ರೆ ಚೇಳು ಬರದೇ ಇರ್ತದಾ? ನಮ್ಮನೇಲೂ ಮಗು ಇದೆ. ಇದನ್ನೆಲ್ಲ ಊರ ಹೊರಗೆ ಎಲ್ಲಾದ್ರೂ ಸಾಗಿಸೂದು ಒಳ್ಳೇದಲ್ದ? ಗಲ್ಲಿಯವರೆಲ್ಲ ಅದೇ ಹೇಳ್ತಾ ಇದ್ದಾರೆ."

ರಸೂಲನಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಮೇಲಿಂದ ಈ ಮಾತು. "ಆ ಚೇಳು ನನ್ನ ಹೆಸ್ರು ಹೇಳ್ಕೊಂಡು ಬಂದಿತ್ತೇನು?" ಎಂದು ಸಿಡಿದ. "ನಿಮ್ಮ ಬಚ್ಚಲ ಕಟ್ಟಿಗೆಯಿಂದ ಬಂದಿರ್ಬಹುದು. ಮೋರಿಯಿಂದ ಬಂದಿರ್ಬಹುದು. ನನ್ನ ಹಂಚು ಮೂರು ತಾಲೂಕಿಗೆ ಹೋಗಿದೆ. ಇಲ್ಲೀವರೆಗೆ ಒಬ್ಬ ಒಂದು ಮಾತು ಹೇಳಿಲ್ಲ!"

ಉಲ್ಲಾಸ ತಲೆ ತಗ್ಗಿಸಿಕೊಂಡು ಹೋದ. ಅವನು ಎದುರು ಮಾತಾಡಿದ್ದರೆ ರಸೂಲನಿಗೆ ಸಮಾಧಾನವಾಗುತ್ತಿತ್ತೇನೋ. ತಿರುಗಿ ನೋಡಿದರೆ ಬದ್ರುನ್ನಿಸಾ ಸೊಂಟಕ್ಕೆ ಕೈ ಇಟ್ಟು ಬಾಗಿಲಲ್ಲಿ ನಿಂತಿದ್ದಳು.

"ಅವ್ನಿಗೆ ಬೈದ್ರಿ, ಸರಿ. ಹಂಚಿನಡಿ ಏನಿದೆ ಅಂತ ನೋಡಿದ್ದೀರಾ?"

"ನೋಡೋದು ಏನಿದೆ? ದಿನಾ ಅದರಲ್ಲೇ ಕೈಯಾಡಿಸ್ತೇನೆ."

"ಕೆಲಸಕ್ಕೆ ಕೈಯಾಡಿಸೋದು ಬೇರೆ. ಹುಡುಕಿ ನೋಡೋದು ಬೇರೆ."

ನಸ್ರೀನ್ ಒಳಗಿನಿಂದ ಬಂದು, ಹೆಬ್ಬೆರಳ ಗಾತ್ರದ ಒಂದು ಟಾರ್ಚನ್ನು ಅಪ್ಪನ ಮುಂದೆ ಹಿಡಿದಳು. ಅವಳು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಮೊಬೈಲು ರಿಪೇರಿ ಮಾಡುತ್ತಾಳೆ. ಹುಡುಗಿ ರಿಪೇರಿ ಮಾಡುತ್ತಾಳೆಂದು ಮೊದಮೊದಲು ಗಿರಾಕಿಗಳು ಹಿಂಜರಿಯುತ್ತಿದ್ದರು. ಈಗ ಅವಳಿಲ್ಲದ ದಿನ ವಾಪಸ್ಸು ಹೋಗುತ್ತಾರೆ. ಪರದೆಯ ಮೇಲೆ ಗಾಜು ಕೂರಿಸಿದ ಮೇಲೆ ಅಂಟು ಗಟ್ಟಿಯಾಗಲು ನೇರಳೆ ಬೆಳಕು ಬಿಡುವ ಟಾರ್ಚು ಅದು.

"ಅಬ್ಬಾ, ಈ ಬೆಳಕು ಬಿದ್ರೆ ಚೇಳಿನ ಮೈ ಹೊಳೀತದೆ. ನಿನ್ನೆ ರಾತ್ರಿ ಬಂದು ಲೋಟದ ಮೇಲೆ ಹಿಡಿದು ನೋಡ್ದೆ, ನಿಜ. ಅಂಗಡೀಲಿ ಇದಕ್ಕಿಂತ ದೊಡ್ಡದು ಒಂದಿದೆ, ಕೇಳಿ ತರ್ತೇನೆ. ಕತ್ತಲಾದ ಕೂಡ್ಲೆ ನೋಡಿದ್ರೆ ಇದ್ಯೋ ಇಲ್ವೋ ಗೊತ್ತಾಗ್ತದೆ."

ರಸೂಲ ಟಾರ್ಚನ್ನು ತಿರುವಿ ತಿರುವಿ ನೋಡಿದ. "ಹಾಗಿದ್ರೆ ಬರೀ ನಾವು ನೋಡೋದಲ್ಲ. ಗಲ್ಲಿಯವ್ರೆಲ್ಲ ಬಂದು ನೋಡ್ಲಿ" ಎಂದ. ತಾನೇ ಮನೆಮನೆಗೆ ಹೋಗಿ ಕರೆದ. ಉಲ್ಲಾಸನ ಮನೆಗೂ ಹೋದ. "ಇವತ್ತು ಸಂಜೆ ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಮಾತಾಡುವಾ." ತನ್ನ ಅಂಗಳದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಸಂಜೆಯ ನಮಾಜು ಮುಗಿಸಿ ಅವನು ಬರುವಷ್ಟರಲ್ಲಿ ಗಲ್ಲಿಯ ಜನ ಅಂಗಳದ ಬಾಯಲ್ಲಿ ಸೇರಿದ್ದರು. ಆಸ್ಪತ್ರೆಯಿಂದ ಸ್ನಾನಕ್ಕೆಂದು ಬಂದಿದ್ದ ಶಿವಲಿಂಗಪ್ಪನವರೂ ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದರು. ಅಮಾವಾಸ್ಯೆ ಹತ್ತಿರವಿದ್ದ ಕಾರಣ ಕತ್ತಲು ಬೇಗ ಗಟ್ಟಿಯಾಯಿತು. ಬದ್ರುನ್ನಿಸಾ ಅಂಗಳದ ದೊಡ್ಡ ಬಲ್ಬು ಆರಿಸಿದಳು. ಕಾಲಿಗೆ ಮಳೆಗಾಲದ ರಬ್ಬರು ಬೂಟು ಹಾಕಿಕೊಂಡ ನಸ್ರೀನ್ ಟಾರ್ಚು ಹಚ್ಚಿ ಮುಂದೆ ನಡೆದಳು.

ಮೊದಲು ದೊಡ್ಡ ರಾಶಿಗಳು. ನೇರಳೆ ಬೆಳಕು ಹಂಚಿನ ಸಾಲುಗಳ ಮೇಲೆ ಮೇಲಿಂದ ಕೆಳಗೆ ಇಳಿಯಿತು. ಜೇಡರ ಬಲೆ ಬಿಟ್ಟರೆ ಬೇರೇನಿಲ್ಲ. ಎರಡನೆಯ ರಾಶಿ. ಅಲ್ಲೂ ಇಲ್ಲ. ರಸೂಲ ಗಂಟಲು ಸರಿ ಮಾಡಿಕೊಂಡು ಉಲ್ಲಾಸನ ಕಡೆ ನೋಡಿದ. ಚಿರೆಕಲ್ಲಿನ ಸಾಲು ಕೂಡ ಮುಗಿಯಿತು. ಆಮೇಲೆ ನಸ್ರೀನ್ ಗೋಡೆಯ ಬುಡಕ್ಕೆ, ಒಡಕು ಹಂಚಿನ ರಾಶಿಯ ಕಡೆ ತಿರುಗಿದಳು.

ಒಂದು ಕಡೆ ಹಸಿರು ಮಿಂಚಿತು. ಹಳೆಯ ರೇಡಿಯಂ ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯುತ್ತದಲ್ಲ, ಅಂಥ ಹಸಿರು. ಬೆಳಕು ಸ್ವಲ್ಪ ಸರಿಯಿತು, ಇನ್ನೊಂದು. ಅದರ ಪಕ್ಕ ಎರಡು. ಚೂರುಗಳ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ, ಆಚೆಮನೆಯ ಕಡೆ ಹತ್ತುವ ದಾರಿಯಲ್ಲಿ, ಬಾಲ ಸುರುಳಿ ಸುತ್ತಿಕೊಂಡ ಪುಟ್ಟ ಪುಟ್ಟ ಹಸಿರು ಮೈಗಳು. ಒಂದರ ಬೆನ್ನ ಮೇಲೆ ಮರಿಗಳ ಗುಂಪೇ ಇತ್ತು. ನಸ್ರೀನ್ ಇನ್ನೊಂದು ಕೈಯಲ್ಲಿ ಸಾದಾ ಟಾರ್ಚು ಹಚ್ಚಿದಳು. ಹಸಿರು ಅಳಿದು ಕೆಂಪುಗಂದು ಬಣ್ಣ ಕಂಡಿತು.

ರಸೂಲನಿಗೆ ಗುರುಶಾಂತವ್ವನವರ ತಣ್ಣನೆಯ ಕೈ ನೆನಪಾಯಿತು. ಗೋಡೆ ಹಳೆಯದು, ಬಿರುಕು ಅವರದು, ಮೋರಿ ಪುರಸಭೆಯದು, ಹೀಗೆ ಹೇಳಲು ಹತ್ತು ಮಾತು ನಾಲಿಗೆಯ ತುದಿಗೆ ಬಂದವು. ಹೆಂಡತಿಯ ಮುಖ ನೋಡಿದ. ಅವಳು ಇವನನ್ನೇ ನೋಡುತ್ತಿದ್ದಳು.

"ನಂದೇ" ಎಂದ ರಸೂಲ, ಎಲ್ಲರಿಗೂ ಕೇಳುವ ಹಾಗೆ. "ಈ ಒಡಕು ಇಲ್ಲಿ ಸುರಿದವ ನಾನು. ಗುರುಶಾಂತಕ್ಕನ ಕೈಗೆ ಸಿಕ್ಕಿದ ಚೂರೂ ಇಲ್ಲಿದೇ. ನಿನ್ನೆವರೆಗೆ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಇದನ್ನ ಸರಿ ಮಾಡೋದು ನನ್ನ ಕೆಲಸ."

ಬದ್ರುನ್ನಿಸಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಬಂದು ಗಂಡನ ಪಕ್ಕ ನಿಂತಳು. ಮದುವೆಯಾಗಿ ಇಷ್ಟು ವರ್ಷವಾದರೂ ನಾಲ್ಕು ಜನರ ಎದುರು ಹೀಗೆ ತನಗೆ ತಾಗಿ ಅವಳು ನಿಂತದ್ದು ರಸೂಲನಿಗೆ ನೆನಪಿರಲಿಲ್ಲ.

ಗುಂಪು ಚದುರುವ ಮೊದಲು ದಿವ್ಯಾ ಮಗುವನ್ನು ಸೊಂಟ ಬದಲಿಸಿ ಎತ್ತಿಕೊಂಡು, "ನಸ್ರೀನ್, ನಮ್ಮನೆಯಲ್ಲೂ ಒಂದ್ಸಲ ನೋಡೇ" ಎಂದಳು.

"ನಮ್ಮಲ್ಲಿ ಎಂತಾ ಇಲ್ಲೆ, ಬಿಡು" ಎಂದ ಉಲ್ಲಾಸ, ಮನೆಮಾತಿಗೆ ಹೊರಳಿ.

"ನೋಡದ್ದೆ ಇಲ್ಲೆ ಹೇಳಿ ಹ್ಯಾಂಗೆ ಹೇಳ್ತ್ಯ? ದಿನಾ ಕಟ್ಟಿಗೆ ತೆಗಿಯಲೆ ಕೈ ಹಾಕವ್ಳು ಆನು" ಎಂದಳು ದಿವ್ಯಾ.

ಬಚ್ಚಲಿನ ಹೊರಗೋಡೆಗೆ ಒರಗಿಸಿದ್ದ ಕಟ್ಟಿಗೆಯ ಬುಡದಲ್ಲಿ ಬೆಳಕು ಬಿದ್ದಾಗ, ಅಂಗೈ ಅಗಲದ ಒಂದು ಹಸಿರು ಆಕಾರ ನಿಧಾನವಾಗಿ ಸರಿಯಿತು. ದಿವ್ಯಾ ಚೀರಿದಳು. ಸಾದಾ ಬೆಳಕಿನಲ್ಲಿ ನೋಡಿದರೆ ಇದ್ದಿಲಿನಂತೆ ಕಪ್ಪು, ಏಡಿಗಿರುವಂಥ ದಪ್ಪ ಚಿಮಟ.

"ಅಕ್ಕಾ, ಹೆದ್ರಬೇಡಿ" ಎಂದಳು ನಸ್ರೀನ್. "ಇದು ಕಾಡಿನ ಕರಿಚೇಳು. ನೋಡೂಕೆ ದೊಡ್ಡದು, ಕಡಿದ್ರೆ ಉರೀತದೆ, ಆದ್ರೆ ಕೆಂಪಿನಷ್ಟು ವಿಷ ಇಲ್ಲ. ಚಿಮಟ ದಪ್ಪ ಇದ್ದದ್ದು ಇದು. ಚಿಮಟ ಸಣ್ಣ, ಬಾಲ ದಪ್ಪ ಇದ್ದದ್ದು ಆ ಕೆಂಪು. ಡಾಕ್ಟ್ರು ಫೋಟೊದಲ್ಲೇ ತೋರಿಸಿ ಹೇಳಿದ್ರು. ಯಾವುದೇ ಕಡಿದ್ರೂ ಆಸ್ಪತ್ರೆಗೆ ಹೋಗ್ಲೇಬೇಕು."

ಎಲ್ಲರ ಕಣ್ಣು ರಸೂಲನ ಮೇಲಿತ್ತು. ಬೆಳಿಗ್ಗೆ ಹೇಳಿದ ಮಾತನ್ನು ಈಗ ಉಲ್ಲಾಸನ ಮುಖಕ್ಕೆ ತಿರುಗಿಸಿ ಎಸೆಯಲು ಇದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ರಸೂಲ ಕಟ್ಟಿಗೆಯ ರಾಶಿಯನ್ನು ಮೇಲೆ ಕೆಳಗೆ ನೋಡಿ, "ಉಲ್ಲಾಸಣ್ಣ, ಇದನ್ನ ನೆಲದಿಂದ ಮೇಲೆ ಎತ್ತಿಡ್ಬೇಕು. ಎರಡು ಚಿರೆಕಲ್ಲು ಸಾಲು ನಾನು ತರ್ತೇನೆ" ಎಂದನಷ್ಟೆ. ಉಲ್ಲಾಸ ಅವನ ಹತ್ತಿರ ಬಂದ. "ಬೆಳಿಗ್ಗೆ ನಿಮ್ಮ ಅಂಗಳಕ್ಕೆ ನಾನು ಬರ್ತೆ... ಬರ್ತೇನೆ" ಎಂದ.

ಮಳೆಗಾಲ ಬಾಗಿಲಲ್ಲೇ ಇತ್ತು. ಮೊದಲ ಮಳೆಗೆ ಬಿಲದಲ್ಲಿ ನೀರು ತುಂಬಿದರೆ ಚೇಳುಗಳು ಒಣ ಜಾಗ ಹುಡುಕಿಕೊಂಡು ಮನೆಯೊಳಗೇ ಬರುತ್ತವೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಅಂಗಡಿಯಿಂದ ಔಷಧಿ ತಂದು ಹೊಡೆಯೋಣ ಎಂದರು ಯಾರೋ. ಕಲ್ಲಿನ ಸಂದಿಯೊಳಗಿನ ಚೇಳಿಗೆ ಮೇಲಿಂದ ಹೊಡೆದ ಔಷಧಿ ಮುಟ್ಟುವುದೇ ಇಲ್ಲ ಎಂದು ನಸ್ರೀನ್ ಹೇಳಿದಳು. ಅಡಗುವ ಜಾಗ ಇರಬಾರದು, ತಿನ್ನಲು ಜಿರಳೆ ಹುಳ ಸಿಗಬಾರದು, ಒಳಗೆ ಬರುವ ಸಂದಿ ಉಳಿಯಬಾರದು. ರಸೂಲನಿಗೆ ಈ ಮಾತು ಥಟ್ಟನೆ ಅರ್ಥವಾಯಿತು. ಪೇರಿಸುವುದು, ಬಿಚ್ಚುವುದು, ಸಂದಿ ಮುಚ್ಚುವುದು, ಇವೆಲ್ಲ ಅವನ ಕೈಯ ಕೆಲಸಗಳೇ. ಅವನು ಅಂಗಳವನ್ನು ಮೂರು ಸಲ ಸುತ್ತಿದ, ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದ, ಅಳಿಸಿ ಮತ್ತೆ ಎಳೆದ.

ಸಂಜೆಯ ಹೊತ್ತು ನಸ್ರೀನ್ ಬೆಳಕು ಹಿಡಿಯುವಳು, ಬೂಟು ಹಾಕಿಕೊಂಡ ರಸೂಲ ಉದ್ದನೆಯ ಇಕ್ಕಳದಲ್ಲಿ ಚೇಳು ಹಿಡಿದು ನುಣುಪಾದ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕುವನು. ಬಕೆಟ್ಟಿನ ಗೋಡೆ ಹತ್ತಲು ಅವಕ್ಕೆ ಬರುವುದಿಲ್ಲ. ಕೆಂಪನ್ನು ಅಲ್ಲೇ ಮುಗಿಸುತ್ತಿದ್ದರು. ಕರಿಚೇಳು ಸಿಕ್ಕರೆ ಉಲ್ಲಾಸ ಮುಚ್ಚಳ ಹಾಕಿ ಬೈಕಿನಲ್ಲಿ ಕಾಡಂಚಿಗೆ ಒಯ್ದು ಬಿಟ್ಟು ಬರುತ್ತಿದ್ದ. ಬೆಳಿಗ್ಗೆ ಒಡಕು ಹಂಚಿನ ಸಾಗಾಟ. ಅದನ್ನೆಲ್ಲ ಕುಟ್ಟಿ ಪುಡಿ ಮಾಡಿ ಗಲ್ಲಿಯ ಗುಂಡಿಗಳಿಗೆ ತುಂಬಿ ಮೇಲೆ ಮಣ್ಣು ಒತ್ತಿದರು. ಕಾರು ಬಂದರೆ ನೀರು ಎರಚುತ್ತಿದ್ದ ಗಲ್ಲಿ ಈಗ ಸಮವಾಯಿತು.

ಪಿಕಪ್ಪನ್ನು ಆ ಇಕ್ಕಟ್ಟಿನಲ್ಲಿ ಹಿಂದಕ್ಕೆ ತರುವುದು ರಸೂಲನಿಗೂ ತ್ರಾಸವಾಗುತ್ತಿತ್ತು. ಶಿವಲಿಂಗಪ್ಪ ನೋಡಿ ನೋಡಿ ತಡೆಯಲಾರದೆ, "ಇಳೀರಿ ಸಾಹೇಬ್ರ, ಇಳೀರಿ. ದೇವಿಮನೆ ಘಟ್ಟದಾಗ ಬಸ್ ಹಿಂದ ತಂದವ ನಾನು" ಎಂದು ಸ್ಟೇರಿಂಗು ಹಿಡಿದರು. ಕನ್ನಡಿ ಕೂಡ ಸರಿ ಮಾಡಿಕೊಳ್ಳದೆ, ಗೋಡೆಗೂ ಗಾಡಿಗೂ ಒಂದು ಗೇಣು ಬಿಟ್ಟು ಒಂದೇ ಏಟಿಗೆ ತಂದು ನಿಲ್ಲಿಸಿದರು. ಅಂದಿನಿಂದ ಗಾಡಿಯ ಕೀಲಿ ಅವರ ಜೇಬಿನಲ್ಲೇ ಉಳಿಯಿತು. ಹಳೆಯ ಟ್ಯೂಬು ಕತ್ತರಿಸಿ ಎಲ್ಲ ಮನೆಯ ಬಾಗಿಲಿನಡಿಗೆ ರಬ್ಬರು ಪಟ್ಟಿ ಹೊಡೆದುಕೊಟ್ಟವರೂ ಅವರೇ.

ಗುರುಶಾಂತವ್ವ ಮನೆಗೆ ಬಂದ ದಿನ ರಸೂಲ ಅವರ ಕಣ್ಣಿಗೆ ಬೀಳದಂತೆ ಹಿತ್ತಲ ಕಡೆ ಸಿಮೆಂಟು ಕಲೆಸುತ್ತಿದ್ದ. ಗೋಡೆಯ ಆಚೆಯಿಂದ ಕರೆ ಬಂತು.

"ರಸೂಲಾ! ಎಲ್ಲಿ ಅಡಗೀಯೋ? ಬಾ ಇಲ್ಲೆ."

ಅವನು ಹೋಗಿ ಗೋಡೆಯ ಈಚೆ ನಿಂತ. ಅವರ ಬೆರಳು ಇನ್ನೂ ಸ್ವಲ್ಪ ಊದಿತ್ತು. "ಅಕ್ಕಾ, ತಪ್ಪಾಯ್ತು. ಆ ಚೂರು..."

"ಸುಮ್ನಿರು. ನಿನ್ನ ಹಂಚು ಕಡದಿಲ್ಲ, ಚೇಳು ಕಡದೈತಿ. ಮಂದಿ ಮುಂದ 'ನಂದೇ' ಅಂದೆಂತಲ್ಲ, ನಮ್ಮ ಮನಿಯವ್ರು ಆಸ್ಪತ್ರಿಗೆ ಬಂದು ಅದನ್ನೇ ಹೇಳಾಕತ್ತಿದ್ರು, ಬ್ಯಾರೆ ಮಾತೇ ಇಲ್ಲ. ನಮ್ಮ ಬಾಜೂಕ ಎಂಥಾ ಮನಷಾ ಅದಾನ ಅಂತ ನರ್ಸವ್ವಗೂ ಹೇಳೀನಿ." ಆಮೇಲೆ ಗೋಡೆಯ ಕಡೆ ನೋಡಿ ದನಿ ಬದಲಿಸಿದರು. "ಆ ಮೂಲ್ಯಾಗ ಸಿಮೆಂಟ್ ಬಿಟ್ಟೀಯಲ್ಲ? ಹಚ್ಚು ಅಲ್ಲಿ. ಇನ್ನೊಂದು ಬೆರಳು ಕೊಡಾಕ ನಾ ತಯಾರಿಲ್ಲ."

ರಸೂಲ ನಕ್ಕ. ಕಣ್ಣು ಒದ್ದೆಯಾದದ್ದು ಸಿಮೆಂಟಿನ ಧೂಳಿಗೆ ಎಂದು ತೋಳಿನಿಂದ ಒರೆಸಿಕೊಂಡ. ಅಂದಿನಿಂದ ಗುರುಶಾಂತವ್ವ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆಗೆ ಕುಳಿತರು.

ಕೆಲಸ ಮುಗಿದಾಗ ಅಂಗಳದ ಚಹರೆಯೇ ಬೇರೆಯಾಗಿತ್ತು. ಮೊಣಕಾಲೆತ್ತರದ ಚಿರೆಕಲ್ಲಿನ ಕಂಬ, ಅದರ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಹಂಚು. ರಾಶಿಯ ಕೆಳಗೆ ಬದ್ರುನ್ನಿಸಾಳ ಕೋಳಿಗಳು ಆರಾಮವಾಗಿ ಓಡಾಡಿ ಹುಳ ಹೆಕ್ಕುತ್ತಿದ್ದವು. ಪ್ರತಿ ಸಾಲಿನ ಸುತ್ತ ಮನುಷ್ಯ ನಡೆದಾಡುವಷ್ಟು ಜಾಗ. ಗೋಡೆಯ ಬುಡಕ್ಕೆ ಒಂದು ಕಲ್ಲೂ ಇಲ್ಲ, ಬಿರುಕೆಲ್ಲ ಮುಚ್ಚಿ ಸುಣ್ಣ ಹೊಡೆದಿತ್ತು. ಹುಳಗಳನ್ನು ಸೆಳೆಯುತ್ತಿದ್ದ ಬಿಳಿ ಬಲ್ಬು ತೆಗೆದು ಹಳದಿಯದನ್ನು ಗೇಟಿನ ಕಡೆ ಹಾಕಿದ್ದರು. ಬಚ್ಚಲ ಹೊರಗೆ ಕಟ್ಟಿಗೆ ಇದ್ದವರೆಲ್ಲ ಕಲ್ಲಿನ ಮೇಲೆ ಎತ್ತಿಟ್ಟಿದ್ದರು. ಚಪ್ಪಲಿ ಬೂಟನ್ನು ಕೊಡವದೆ ಕಾಲು ಹಾಕುವವರು ಗಲ್ಲಿಯಲ್ಲಿ ಉಳಿದಿರಲಿಲ್ಲ. ಉಲ್ಲಾಸ ಮಗುವಿನ ತೊಟ್ಟಿಲ ಬಟ್ಟೆಯನ್ನು ಕೊಡವುವ ಭರಕ್ಕೆ ಮಗುವೇ ನಗುತ್ತಿತ್ತು.

ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಮೂರು ತಾಸು ಬಿಡದೆ ಹೊಡೆದು, ದೀಪ ಹಚ್ಚುವ ಹೊತ್ತಿಗೆ ನಿಂತಿತು. ಮಣ್ಣಿನ ವಾಸನೆಯ ನಡುವೆ ಗಲ್ಲಿಯವರೆಲ್ಲ ಹೊರಬಂದರು. ಈಗ ಟಾರ್ಚುಗಳು ನಾಲ್ಕಾರು ಇದ್ದವು, ನಸ್ರೀನ್ ತಾನೇ ತರಿಸಿಕೊಟ್ಟದ್ದು. ಮನೆಯ ಮೆಟ್ಟಿಲು, ಗೋಡೆ, ಕಟ್ಟಿಗೆ, ಹಂಚಿನ ಸಾಲು, ಒಂದೊಂದನ್ನೂ ನೋಡುತ್ತ ಬಂದರು. ರಸೂಲ ತನ್ನ ಅಂಗಳದ ಗೋಡೆಯ ಬುಡವನ್ನು ತಾನೇ ನೋಡಿದ. ಬಾಗಿ, ಮೊಣಕಾಲೂರಿ, ಆ ತುದಿಯಿಂದ ಈ ತುದಿಯವರೆಗೆ. ಸುಣ್ಣದ ಗೋಡೆ ನೇರಳೆ ಬೆಳಕಿನಲ್ಲಿ ಖಾಲಿಯಾಗಿ ನಿಂತಿತ್ತು. ಗಲ್ಲಿಯ ಬಾಯಲ್ಲಿ, ಮೋರಿಯ ಕಲ್ಲಿನ ಹತ್ತಿರ ಒಂದು ಕೆಂಪು ಸಿಕ್ಕಿತು. ಉಲ್ಲಾಸ ಅದನ್ನು ಇಕ್ಕಳದಲ್ಲಿ ಹಿಡಿದು ಎತ್ತಿ ತೋರಿಸಿ, "ಇದು ಮೇನ್ ರೋಡಿನದು, ನಮ್ಮದಲ್ಲ!" ಎಂದು ಕೂಗಿದ. ಎಲ್ಲರೂ ನಕ್ಕರು. ಗುರುಶಾಂತವ್ವ ತಮ್ಮ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತು ಬಿಸಿ ಮಂಡಕ್ಕಿ ಒಗ್ಗರಣೆ ಹಂಚಿದರು.

ಜೂನ್ ನಡುವೆ ಸಿದ್ದಾಪುರದ ತ್ಯಾಗಲಿಯಿಂದ ಸಂಜಯ ಎನ್ನುವವನು ಫೋನು ಮಾಡಿದ. ಕೊಟ್ಟಿಗೆ ಬಿಚ್ಚಿದ ಹಂಚಿದೆ, ಒಯ್ಯುತ್ತೀರಾ ಎಂದು. ಮಾತಿನ ನಡುವೆ, ಹಂಚು ಇಳಿಸುವಾಗ ಎರಡು ಚೇಳು ಬಿದ್ದವು, ಹೆಂಗಸರು ಹೆದರಿ ಆ ಕಡೆ ಹೋಗುತ್ತಿಲ್ಲ ಎಂದೂ ಹೇಳಿದ.

"ಬಣ್ಣ ಯಾವುದು? ಚಿಮಟ ದಪ್ಪವೋ ಸಪೂರವೋ?" ಎಂದು ಕೇಳಿದ ರಸೂಲ. ಸಂಜಯನಿಗೆ ಗೊತ್ತಿರಲಿಲ್ಲ. "ಹಂಚು ಮುಟ್ಟಬೇಡಿ. ಭಾನುವಾರ ಸಂಜೆಗೆ ಮುಂಚೆ ಬರ್ತೇವೆ. ಮೊದ್ಲು ಚೇಳು ನೋಡುವಾ, ಹಂಚು ಆಮೇಲೆ."

ಭಾನುವಾರ ಅವನೂ ನಸ್ರೀನೂ ಮಾತ್ರ ಹೊರಡುವುದೆಂದು ಲೆಕ್ಕ. ಆದರೆ ಗಾಡಿಯ ಕೀಲಿ ಶಿವಲಿಂಗಪ್ಪನವರಲ್ಲಿತ್ತು, ಅವರು ಆಗಲೇ ಸ್ಟೇರಿಂಗಿನ ಹಿಂದೆ ಕುಳಿತಿದ್ದರು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಗುರುಶಾಂತವ್ವ. "ಚೇಳು ಕಡಿಸಿಕೊಂಡಾಕಿ ನಾ. ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಾಕ ನಾ ಬೇಕಲ್ಲ?" ಇಕ್ಕಳ ಬಕೆಟ್ಟು ಹಿಡಿದು ಉಲ್ಲಾಸ ಹಿಂದೆ ಹತ್ತಿದ. ಬದ್ರುನ್ನಿಸಾ ಮನೆಗೆ ಬೀಗ ಹಾಕಿ, ಮಗಳ ಕೈ ಹಿಡಿದು ತಾನೂ ಹತ್ತಿದಳು.

ತ್ಯಾಗಲಿಯಲ್ಲಿ ಬೆಳಕು ಇಳಿಯುವ ಹೊತ್ತಿಗೆ ಸಂಜಯನ ಮನೆಯಂಗಳದಲ್ಲಿ ಊರ ಅರ್ಧ ಜನ ಸೇರಿದ್ದರು. ಗುರುಶಾಂತವ್ವ ಜಗಲಿಯ ಮೇಲೆ ಹೆಂಗಸರನ್ನು ಸುತ್ತ ಕೂರಿಸಿಕೊಂಡು ಬೆರಳು ತೋರಿಸುತ್ತಿದ್ದರು. "ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಮಂತ್ರ ಹಾಕಸ್ಕೋತ ಕುಂದ್ರಬ್ಯಾಡ್ರಿ. ಸೀದಾ ಆಸ್ಪತ್ರಿ." ಉಲ್ಲಾಸ ಕಟ್ಟಿಗೆಯನ್ನು ಎಷ್ಟು ಎತ್ತರಕ್ಕೆ ಇಡಬೇಕೆಂದು ಕೈಯಳತೆ ತೋರಿಸುತ್ತಿದ್ದ. ಹುಡುಗರು ದೊಡ್ಡವರೆನ್ನದೆ ಎಲ್ಲರೂ ನಸ್ರೀನಳ ಹಿಂದೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಡೆದರು. ಹಂಚಿನ ರಾಶಿಯ ಹತ್ತಿರ ಬಂದಾಗ ಅವಳು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಬೆಳಕು ಬಿಟ್ಟಳು. ಹಸಿರು ಮಿಂಚಿತು. ಜನ "ಓ" ಎಂದರು.

ಸಂಜಯ ರಸೂಲನ ಹತ್ತಿರ ಸರಿದು ಮೆಲ್ಲನೆ ಕೇಳಿದ, "ಎಂತ ಸಾಬ್ರೆ, ಇಷ್ಟೆಲ್ಲ ಜನ ನಿಮ್ಮ ಮನೆಯವ್ರಾ?"

ರಸೂಲ ಜಗಲಿಯ ಕಡೆ ನೋಡಿದ, ಕಟ್ಟಿಗೆಯ ಕಡೆ ನೋಡಿದ, ಬಗ್ಗಿ ನಿಂತ ಮಗಳನ್ನು, ಅವಳ ಪಕ್ಕ ಬಕೆಟ್ಟು ಹಿಡಿದು ನಿಂತ ಹೆಂಡತಿಯನ್ನು ನೋಡಿದ.

"ಹೌದು" ಎಂದ. "ಎಲ್ಲಾ ನಮ್ಮವ್ರೇ."

ಇಕ್ಕಳ ತೆಗೆದುಕೊಂಡು ಮಗಳ ಬೆಳಕು ಬಿದ್ದಲ್ಲಿಗೆ ಹೋದ.